ಮನೆಯಿಲ್ಲದವರು ಮನೆಗಾಗಿ ಅರ್ಜಿ ಮಾಡತಕ್ಕ ಕ್ರಮ



ಮುಳಬಾಗಿಲು ಪಟ್ಟಣದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಕುರುಡುಮಲೆಯನ್ನು ನೋಡಲಿಕ್ಕೆ ದೂರದೇಶದವರು ಬರುತ್ತಾರೆ. ಒಂದೇ ಕಲ್ಲಿನಲ್ಲಿ ಕೆತ್ತಿದ, ಆಳೆತ್ತರಕ್ಕಿಂತ ಎಷ್ಟೋ ದೊಡ್ಡದಾದ ಗಣೇಶನ ವಿಗ್ರಹವೂ ಹಳೇ ಸೋಮೇಶ್ವರನ ಗುಡಿಯೂ ಅಲ್ಲಿವೆ. ಹೀಗೆ ಕಲ್ಲಿಗೂ ಕಲ್ಲುಕುಟಿಗರಿಗೂ ಹೆಸರಾದ ಸೀಮೆ ನಮ್ಮದು. ಚಪ್ಪಡಿಯ ಮಾಳಿಗೆ ಹಾಕಿದ ಮನೆಗಳನ್ನು ಪ್ರತಿ ಹಳ್ಳಿಯಲ್ಲಿಯೂ ಕಾಣುತ್ತೇವೆ. ಆದರೂ ಅದೇ ಹಳ್ಳಿಗಳ ಅಂಚಿನಲ್ಲಿ ನಾಲ್ಕು ಗೋಡೆಗಳಿಲ್ಲದ ಕುಟುಂಬಗಳು ಉಂಟೆಂಬದನ್ನು ಮನೆಮನೆಗೆ ಹೋಗಿ ಬರುವ ನಾವು ಬಲ್ಲೆವು. ಅವರಲ್ಲಿ ಅನೇಕರು ಸರ್ಕಾರದ ಸಹಾಯವನ್ನು ಒಂದು ಸಾರಿಯೂ ಕೇಳಿದವರಲ್ಲ. ಕೇಳಿದವರಲ್ಲಿ ಅನೇಕರು ಬಾಯಿಮಾತಿನಿಂದ ಕೇಳಿದರು, ತಪ್ಪು ಬಾಗಲಲ್ಲಿ ಕೇಳಿದರು, ಇಲ್ಲವೆ ಹಣ ಕೊಟ್ಟು ಕೇಳಿ ಕೆಟ್ಟರು. ಆದಕಾರಣ ಹೇಗೆ ಕೇಳಬೇಕೆಂಬದನ್ನು ಈ ತಿಂಗಳ ಪಾಠವಾಗಿ ಬರೆಯುತ್ತೇವೆ.

ಪಾಠವು ಸ್ಪಷ್ಟವಾಗುವ ಹಾಗೆ ಒಬ್ಬ ಸ್ತ್ರೀಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಅವಳು ವಿಧವೆ, ಇಬ್ಬರು ಮಕ್ಕಳ ತಾಯಿ, ಬೇರೊಬ್ಬರ ಟೊಮೇಟೋ ತೋಟದಲ್ಲಿ ಕೂಲಿ ಮಾಡುವವಳು. ತೋಟದ ಯಜಮಾನನು ದಯದಿಂದ ಬಿಟ್ಟುಕೊಟ್ಟ ಪಂಪುಮನೆಯಲ್ಲಿ ಮಲಗುತ್ತಾಳೆ. ಒಂದು ದಿನ ಅವನು, “ಅಮ್ಮಾ, ಬರುವ ತಿಂಗಳಿಗೆ ಬೇರೆ ಎಲ್ಲಿಯಾದರೂ ನೋಡಿಕೋ” ಅಂದನು. ಇವಳು ಯಾರೆಂದು ಕೇಳಬೇಡಿರಿ. ನಿಮ್ಮ ನಿಮ್ಮ ಊರಿನಲ್ಲಿ ಇಂಥವಳು ಒಬ್ಬಳಾದರೂ ಇರುವಳು. ಇವಳು ಈಗ ಯಾವ ದಾರಿ ಹಿಡಿಯಬೇಕು?

1. ಮನೆಯಿಲ್ಲದವರು ಯಾರು?

ಮರದ ಕೆಳಗೆ ಮಲಗುವವನು ಮಾತ್ರವೇ ಮನೆಯಿಲ್ಲದವನೆಂದು ಎಣಿಸಬಾರದು. ಪಂಪುಮನೆಯಲ್ಲಿ, ರೇಷ್ಮೆಹುಳು ಸಾಕುವ ಕೊಟ್ಟಿಗೆಯಲ್ಲಿ, ಪರರ ಹಿತ್ತಲಿನ ಗುಡಿಸಲಲ್ಲಿ ಇರುವವರೂ, ಸ್ವಂತ ಮನೆಯಿಲ್ಲದೆ ಬಾಡಿಗೆಗೆ ಇರುವ ಬಡವರೂ, ಒಂದೇ ಸೂರಿನ ಕೆಳಗೆ ಮೂರು ಸಂಸಾರಗಳಾಗಿ ಇಕ್ಕಟ್ಟಿನಲ್ಲಿ ಇರುವವರೂ ಈ ಸಾಲಿಗೆ ಸೇರಿದವರೇ. ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು 2016ರಲ್ಲಿ ಆರಂಭವಾದಾಗ, ಮನೆಯೇ ಇಲ್ಲದವರನ್ನೂ, ಒಂದು ಅಥವಾ ಎರಡು ಕೋಣೆಗಳ ಕಚ್ಚಾ ಮನೆಯಲ್ಲಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅವರೊಳಗೆ ನೆಲೆಯಿಲ್ಲದವರಿಗೂ, ಭಿಕ್ಷೆಯಿಂದ ಜೀವಿಸುವ ನಿರ್ಗತಿಕರಿಗೂ, ಜೀತದಿಂದ ಬಿಡಿಸಲ್ಪಟ್ಟವರಿಗೂ ಎಲ್ಲರಿಗಿಂತ ಮೊದಲು ಕೊಡತಕ್ಕದ್ದೆಂದು ನಿಯಮ ಮಾಡಿತು.

ಮಳೆಗೆ ಮನೆ ಬಿದ್ದುಹೋದವರ ಸಂಗತಿಯೋ ಬೇರೆ. 2021ರ ನವೆಂಬರ್ ತಿಂಗಳಲ್ಲಿ ಕೋಲಾರ ಸೀಮೆಯಲ್ಲಿ ಸುರಿದ ದೊಡ್ಡ ಮಳೆಯನ್ನು ನಾವಾರೂ ಮರೆತಿಲ್ಲ. ಇಂಥ ನಷ್ಟಕ್ಕೆ ಕೊಡುವ ಪರಿಹಾರವು ಕಂದಾಯ ಇಲಾಖೆಯಿಂದ ಬರುವಂಥದು. ಆದದರಿಂದ ಮನೆ ಬಿದ್ದ ಕೂಡಲೆ ಗ್ರಾಮ ಆಡಳಿತ ಅಧಿಕಾರಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ತಿಳಿಸಿ, ಬಿದ್ದ ಗೋಡೆಯ ಚಿತ್ರವನ್ನು ತೆಗೆಸಿ ಇಟ್ಟುಕೊಳ್ಳಬೇಕು. ಕಲ್ಲುಮಣ್ಣನ್ನು ಮೊದಲು ತೆಗೆದುಹಾಕಿ ಆಮೇಲೆ ಅರ್ಜಿ ಕೊಡುವವನಿಗೆ ತನ್ನ ನಷ್ಟವನ್ನು ತೋರಿಸುವದು ಕಷ್ಟ. ಹೀಗೆ ಬಿದ್ದ ಮನೆಗೆ ತಹಶೀಲ್ದಾರರ ಬಾಗಲು. ಮೊದಲಿನಿಂದಲೂ ಇಲ್ಲದ ಮನೆಗೆ ಗ್ರಾಮ ಪಂಚಾಯತಿಯ ಬಾಗಲು. ಈ ಭೇದವನ್ನು ಚೆನ್ನಾಗಿ ನೆನಪಿನಲ್ಲಿಡಿರಿ.

2. ಇದು ದಯವೋ ಹಕ್ಕೋ?

1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಹಾಳುಮಾಡಿದ ದೊಡ್ಡ ಬರದಲ್ಲಿ ಮನೆಮಾರು ಬಿಟ್ಟವರಿಗೆ ಗಂಜಿಯ ಕೇಂದ್ರವೂ ಯಾರಾದರೂ ಪುಣ್ಯವಂತರ ದಯವೂ ಹೊರತು ಬೇರೆ ಗತಿ ಇರಲಿಲ್ಲ. ಈಗಿನ ಕಾಲವು ಹಾಗಲ್ಲ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರವು ನಿವೇಶನವಿಲ್ಲದ ಬಡವರಿಗೆ ನಿವೇಶನಗಳನ್ನು ಹಂಚಿತು. ಜನತಾ ಮನೆ ಎಂಬ ಮಾತು ಆ ಕಾಲದಿಂದ ನಮ್ಮ ಹಿರಿಯರ ಬಾಯಲ್ಲಿ ಉಳಿದದೆ. 1991-92ರಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿಸಲ್ಪಟ್ಟಿತು. ರಾಜ್ಯದ ಬಸವ ವಸತಿ ಯೋಜನೆ, ಪರಿಶಿಷ್ಟರಿಗಾಗಿರುವ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಧವೆಯರು ಅಂಗವಿಕಲರು ಅಲೆಮಾರಿಗಳು ಮೊದಲಾದವರಿಗಾಗಿರುವ ದೇವರಾಜ ಅರಸು ವಸತಿ ಯೋಜನೆ, ಇವೆಲ್ಲವನ್ನು ನಡಿಸುವದು ಈ ನಿಗಮವೇ. ಕೇಂದ್ರದ ಯೋಜನೆಯ ಹಣವೂ ನಮ್ಮ ರಾಜ್ಯದಲ್ಲಿ ಇದರ ಮೂಲಕವೇ ಹಂಚಲ್ಪಡುತ್ತದೆ.

ಮನುಷ್ಯನಿಗೆ ನೆಲೆಯಿರುವದು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1995ರ ಡಿಸೆಂಬರ್ ತಿಂಗಳಲ್ಲಿ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ಆದರೆ ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. ಇಂಗ್ಲೆಂಡ್ ದೇಶದಲ್ಲಿ 1977ರ ಕಾಯಿದೆಯಿಂದ, ಮನೆಯಿಲ್ಲದೆ ಬಂದ ಕುಟುಂಬವನ್ನು ವಿಚಾರಿಸಿ ಅಗತ್ಯವುಳ್ಳವರಿಗೆ ನೆಲೆ ಒದಗಿಸುವ ಭಾರವು ಅಲ್ಲಿಯ ಸ್ಥಳೀಯ ಆಡಳಿತದ ಮೇಲೆ ಬಿತ್ತು. ನಮ್ಮಲ್ಲಿ ಅಂಥ ಕಾಯಿದೆ ಇಲ್ಲ. ನಮ್ಮ ಪಂಚಾಯತಿಗೆ ಇಂತಿಷ್ಟು ಮನೆಗಳೆಂದು ಗುರಿ ಬರಬೇಕು, ಪಟ್ಟಿಯಲ್ಲಿ ಹೆಸರು ಇರಬೇಕು, ಸರದಿ ಬರಬೇಕು. ಈ ಹೊತ್ತು ಅರ್ಜಿ ಕೊಟ್ಟವರಿಗೆ ಈ ರಾತ್ರಿ ಸೂರು ಸಿಕ್ಕುವದಿಲ್ಲ. ಹಾಗಾದರೆ ಅರ್ಜಿ ಯಾಕೆ? ಯಾಕಂದರೆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಸರದಿಯೇ ಇಲ್ಲ. ಮೆಂಬರು ಕೊಡಿಸುವ ಉಪಕಾರವೆಂದು ಇದನ್ನು ತಿಳಿದು ಕೈಕಟ್ಟಿ ನಿಲ್ಲುವದು ತಪ್ಪು; ಬಯಲಾಗಿ, ಬರವಣಿಗೆಯಲ್ಲಿ, ಊರಿನ ಸಭೆಯ ಮುಂದೆ ಕೇಳತಕ್ಕ ಹಕ್ಕೆಂದು ತಿಳಿಯುವದೇ ಸರಿ. ಇದೇ ಈ ಪಾಠದ ಸಾರಾಂಶ.

3. ಮೊದಲು ನೆಲ, ಆಮೇಲೆ ಮನೆ

ಅನೇಕರು ಎಡವುವದು ಇಲ್ಲಿಯೇ. ಮನೆ ಕಟ್ಟಲಿಕ್ಕೆ ಸರ್ಕಾರವು ಹಣ ಕೊಡುವದು ಅರ್ಜಿದಾರನ ಸ್ವಂತ ನಿವೇಶನದ ಮೇಲೆ. ನೆಲವಿಲ್ಲದವನು ಮನೆಯನ್ನು ಮಾತ್ರ ಕೇಳಿದರೆ, ಅವನ ಹೆಸರು ಪಟ್ಟಿಯಲ್ಲಿ ಬಂದರೂ ಕೆಲಸವು ನಿಂತುಹೋಗುವದು. ಆದಕಾರಣ ತಮ್ಮ ಕಾಲ ಕೆಳಗಿನ ನೆಲ ಯಾರದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಇದರಲ್ಲಿ ಮೂರು ವಿಧಗಳುಂಟು.

ಮೊದಲನೆಯದು, ತಂದೆಯಿಂದಲೋ ಕ್ರಯದಿಂದಲೋ ಬಂದ ಗ್ರಾಮಠಾಣದ ನಿವೇಶನ. ಇದಕ್ಕೆ ಪಂಚಾಯತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು ನಮೂನೆ 11, ಅರ್ಜಿದಾರರ ಹೆಸರಿನಲ್ಲಿ ಇರಬೇಕು. ತಂದೆಯು ತೀರಿಹೋಗಿ ಇಪ್ಪತ್ತು ವರುಷಗಳಾದರೂ ಖಾತೆ ಅವನ ಹೆಸರಿನಲ್ಲಿಯೇ ಇದ್ದರೆ, ಅಣ್ಣತಮ್ಮಂದಿರು ಕೂತು ಮಾತಾಡಿ ಖಾತೆಯನ್ನು ಬದಲಾಯಿಸಿಕೊಳ್ಳುವದೇ ಮೊದಲನೆಯ ಕೆಲಸ.

ಎರಡನೆಯದು, ಸರ್ಕಾರದ ನೆಲದ ಮೇಲೆ ಮೊದಲೇ ಗುಡಿಸಲು ಅಥವಾ ಮನೆ ಹಾಕಿಕೊಂಡು ಇರುವವರ ಸಂಗತಿ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 94ಸಿ ಎಂಬ ಕಲಮಿನ ಪ್ರಕಾರ, ಗೊತ್ತುಮಾಡಿದ ತಾರೀಖಿಗೆ ಮುಂಚೆ ಹಳ್ಳಿಗಾಡಿನ ಸರ್ಕಾರಿ ನೆಲದಲ್ಲಿ ವಾಸದ ಮನೆ ಕಟ್ಟಿಕೊಂಡವರು ಅದನ್ನು ತಮಗೆ ಸಕ್ರಮ ಮಾಡಿಕೊಡಬೇಕೆಂದು ತಹಶೀಲ್ದಾರರಿಗೆ ಅರ್ಜಿ ಮಾಡಬಹುದಾಗಿತ್ತು. ಕೆರೆಯ ಅಂಗಳದಲ್ಲಿಯೂ ರಾಜಕಾಲುವೆಯ ಮೇಲೆಯೂ ಇರುವವರು ಇದನ್ನು ನಂಬಿಕೊಂಡಿರಬಾರದು. ವರುಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಯೇ ಜೀವ. ಅದರೊಳಗೆ ಕಟ್ಟಿದ ಮನೆಗೆ ಸರ್ಕಾರದ ಭಯವೂ ಉಂಟು, ಮಳೆಯ ಭಯವೂ ಉಂಟು.

ಮೂರನೆಯದು, ಏನೂ ನೆಲವಿಲ್ಲದವರ ಸಂಗತಿ. ನಾವು ಮೇಲೆ ಹೇಳಿದ ವಿಧವೆ ಈ ಗುಂಪಿನವಳು. ತೋಟದ ಯಜಮಾನನು ಎಷ್ಟು ಒಳ್ಳೆಯವನಾದರೂ ಅವನ ಪಂಪುಮನೆ ಅವಳದಾಗದು. ಇವಳು ನಿವೇಶನರಹಿತಳೆಂದು ಪಂಚಾಯತಿಗೆ ಒಂದು ಅರ್ಜಿ, ವಸತಿರಹಿತಳೆಂದು ಇನ್ನೊಂದು ಅರ್ಜಿ, ಹೀಗೆ ಎರಡನ್ನೂ ಕೊಡಬೇಕು. ಸರ್ಕಾರಿ ನೆಲವು ಸಿಕ್ಕಿದಲ್ಲಿ ಬಡಾವಣೆ ಮಾಡಿ ನಿವೇಶನ ಹಂಚುವರು. ಹಂಚಿದ ಮೇಲೆ ಹಕ್ಕುಪತ್ರವನ್ನು ಕೈಗೆ ತೆಗೆದುಕೊಂಡ ಹೊರತು, ಇದು ನಿನ್ನದೆಂದು ಸುಣ್ಣದ ಗೆರೆ ತೋರಿಸಿದ್ದನ್ನು ನೆಚ್ಚಿ ಸುಮ್ಮಗಿರಬೇಡಿರಿ.

4. ಕೂಡಿಸಿಡತಕ್ಕ ಕಾಗದಗಳು

ಆಧಾರ್ ಚೀಟಿ, ಪಡಿತರ ಚೀಟಿ, ಆದಾಯ ಮತ್ತು ಜಾತಿಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ನಿವೇಶನದ ದಾಖಲೆ ಅಥವಾ ಹಕ್ಕುಪತ್ರ, ಭಾವಚಿತ್ರ, ಇವು ಸಾಮಾನ್ಯವಾಗಿ ಬೇಕಾದವುಗಳು. ವಿಧವೆಯಾದರೆ ಗಂಡನ ಮರಣಪತ್ರವೂ, ಅಂಗವಿಕಲರಾದರೆ ಅದರ ಪ್ರಮಾಣಪತ್ರವೂ ಜೊತೆಯಲ್ಲಿರಲಿ. ಆದಾಯ, ಜಾತಿಗಳ ಪತ್ರಗಳು ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ದೊರೆಯುತ್ತವೆ. ಇವು ಸಕಾಲ ಎಂಬ 2011ರ ಕಾಯಿದೆಗೆ ಒಳಪಟ್ಟಿವೆ. ಅರ್ಜಿ ಕೊಟ್ಟಾಗ ಸಂಖ್ಯೆಯುಳ್ಳ ರಸೀತಿಯನ್ನು ಕೇಳಿ ತಕ್ಕೊಳ್ಳಿರಿ, ಗೊತ್ತಾದ ದಿನಗಳೊಳಗೆ ಪತ್ರವನ್ನು ಕೊಡತಕ್ಕದ್ದು.

ಎಲ್ಲಾ ಕಾಗದಗಳಲ್ಲಿಯೂ ಹೆಸರು ಒಂದೇ ತೆರನಾಗಿರಬೇಕು. ನಮ್ಮ ಜನರಿಗೆ ಇದರಿಂದ ಬಹಳ ತೊಂದರೆ ಉಂಟು. ಪಡಿತರ ಚೀಟಿಯಲ್ಲಿ ಮೊದಲಿನ ಹೆಸರು, ಆಧಾರ್ ಚೀಟಿಯಲ್ಲಿ ದೀಕ್ಷಾಸ್ನಾನದ ಹೆಸರು, ಬ್ಯಾಂಕಿನಲ್ಲಿ ಮತ್ತೊಂದು. ಗುಮಾಸ್ತನು ಮೂವರೆಂದು ಎಣಿಸುವನು. ಒಂದು ಹೆಸರನ್ನು ಗೊತ್ತುಮಾಡಿಕೊಂಡು ಎಲ್ಲವನ್ನೂ ಅದಕ್ಕೆ ಸರಿಪಡಿಸಿರಿ. ಬ್ಯಾಂಕಿನ ಲೆಕ್ಕಕ್ಕೆ ಆಧಾರ್ ಸಂಖ್ಯೆ ಜೋಡಿಸಿದೆಯೋ ಎಂದು ಸಹ ವಿಚಾರಿಸಿರಿ. ಯಾಕಂದರೆ ಹಣವು ಯಾರ ಕೈಯಲ್ಲಿಯೂ ಕೊಡಲ್ಪಡದೆ ನೇರವಾಗಿ ಆ ಲೆಕ್ಕಕ್ಕೇ ಬರುವದು.

ಅರ್ಜಿಯು ಮನೆಯ ಸ್ತ್ರೀಯ ಹೆಸರಿನಲ್ಲಿರುವದು ಉತ್ತಮ. ರಾಜ್ಯದ ಯೋಜನೆಗಳಲ್ಲಿ ಸಾಮಾನ್ಯವಾಗಿ ಸ್ತ್ರೀಯೇ ಫಲಾನುಭವಿಯಾಗಿರಬೇಕು. ಹೆಂಡತಿಯಿಲ್ಲದವರು, ಮಾಜಿ ಸೈನಿಕರು, ಅಂಗವಿಕಲರು ಮೊದಲಾದವರಿಗೆ ಮಾತ್ರ ವಿನಾಯಿತಿ ಉಂಟು. ಗಂಡಸರು ಇದರಿಂದ ಮುನಿಸಿಕೊಳ್ಳಬಾರದು. ಕುಡಿತಕ್ಕೋ ಸಾಲಕ್ಕೋ ಮನೆ ಹೋಗದಂತೆ ಇದು ಒಂದು ಬೇಲಿ.

5. ಜಾತಿಯ ಅಂಕಣದಲ್ಲಿ ಸತ್ಯ

ಈ ಸಂಗತಿಯನ್ನು ಬರೆಯುವದು ನಮಗೆ ಸುಲಭವಲ್ಲ. ಆದರೂ ಬರೆಯದೆ ಬಿಟ್ಟರೆ ನಮ್ಮವರನ್ನು ಹಳ್ಳಕ್ಕೆ ಕಳುಹಿಸಿದ ಹಾಗಾಗುವದು.

1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದೂ ಧರ್ಮದವರನ್ನು ಮಾತ್ರ ಪರಿಶಿಷ್ಟ ಜಾತಿಯವರೆಂದು ಎಣಿಸಿದರು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಪರಿಶಿಷ್ಟ ಪಂಗಡದವರಿಗೆ ಈ ನಿಬಂಧನೆ ಇಲ್ಲ. ಅವರು ಯಾವ ಮತದವರಾದರೂ ಪಂಗಡದ ಹಕ್ಕು ಉಳಿಯುತ್ತದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಸರ್ಕಾರದ 2002ರ ಹಿಂದುಳಿದ ವರ್ಗಗಳ ಪಟ್ಟಿಯು ಪ್ರವರ್ಗ 1ರಲ್ಲಿ ಇರಿಸಿತು.

ಈಗ ಹಣದ ಲೆಕ್ಕವನ್ನು ನೋಡಿರಿ. ಕಳೆದ ಕೆಲವು ವರುಷಗಳಲ್ಲಿ ಹಳ್ಳಿಯ ಮನೆಗೆ ಸಾಮಾನ್ಯ ವರ್ಗದವರಿಗೆ 1,20,000 ರೂಪಾಯಿಯೂ ಪರಿಶಿಷ್ಟರಿಗೆ 1,75,000 ರೂಪಾಯಿಯೂ ಎಂದು ಸಹಾಯಧನ ಗೊತ್ತಾಗಿತ್ತು. ಭೇದವು 55,000 ರೂಪಾಯಿ. ಕೂಲಿಯವಳಿಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ವಿಧವೆಯ ಹತ್ತಿರ ಒಬ್ಬನು ಬಂದು, “ಅಕ್ಕಾ, ನಿನ್ನ ಹಳೇ ಜಾತಿಪತ್ರ ಇದೆಯಲ್ಲಾ, ಅದನ್ನೇ ಇಡು, ಯಾರು ಕೇಳುತ್ತಾರೆ?” ಅನ್ನುವನು. ಕೇಳುವವರು ಇದ್ದಾರೆ. 2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯಿಂದ ಬಂದ ಒಂದು ಮೊಕದ್ದಮೆಯಲ್ಲಿ, ಕ್ರೈಸ್ತ ಮತವನ್ನು ಆಚರಿಸುತ್ತಲೇ ಉದ್ಯೋಗದ ಪ್ರಯೋಜನಕ್ಕಾಗಿ ಪರಿಶಿಷ್ಟ ಜಾತಿಯ ಪತ್ರವನ್ನು ಕೇಳುವದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ಹೇಳಿತು. ಊರಿನಲ್ಲಿ ಒಬ್ಬ ಹಗೆಯವನ ಒಂದು ದೂರು ಸಾಕು. ಪತ್ರ ರದ್ದಾಗಬಹುದು, ಕೊಟ್ಟ ಹಣವನ್ನು ತಿರಿಗಿ ಕೇಳಬಹುದು. ಅರ್ಧ ಕಟ್ಟಿದ ಗೋಡೆಯ ಮುಂದೆ ಮಕ್ಕಳೊಂದಿಗೆ ನಿಲ್ಲುವವಳು ಆಗ ಅವಳೇ ಹೊರತು ಬುದ್ಧಿ ಹೇಳಿದವನಲ್ಲ.

ಈ ಆಜ್ಞೆಯು ನ್ಯಾಯವೋ ಅನ್ಯಾಯವೋ ಎಂಬ ವಾದವು ಬಹಳ ಕಾಲದ್ದು. ಮತ ಬದಲಾದರೂ ಕೇರಿ ಬದಲಾಗಲಿಲ್ಲ, ಬಾವಿಯ ಬಳಿಯ ಮಾತು ಬದಲಾಗಲಿಲ್ಲ ಎಂದು ಅನೇಕರು ನೊಂದು ಹೇಳುತ್ತಾರೆ, ಅದು ಸುಳ್ಳಲ್ಲ. ಈ ಪ್ರಶ್ನೆಯನ್ನು ವಿಚಾರಿಸಲಿಕ್ಕೆ ಕೇಂದ್ರ ಸರ್ಕಾರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿತು. ಆ ವಾದವನ್ನು ವಾದಿಸತಕ್ಕ ಸ್ಥಳ ಬೇರೆ. ಬಡವಳ ಅರ್ಜಿಯ ಅಂಕಣವು ಆ ಸ್ಥಳವಲ್ಲ. ಅಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಬೇಕು. ನಿಜ ಹೇಳಿದ ಮಾತ್ರಕ್ಕೆ ದಾರಿ ಮುಚ್ಚಿಹೋಗುವದಿಲ್ಲ. ಬಸವ ವಸತಿ ಯೋಜನೆ ಉಂಟು. ವಿಧವೆಯರಿಗೆ ದೇವರಾಜ ಅರಸು ಯೋಜನೆ ಉಂಟು. ಕೇಂದ್ರದ ಯೋಜನೆಯ 2016ರ ನಿಯಮಗಳಲ್ಲಿ ಅಲ್ಪಸಂಖ್ಯಾತರಿಗೆಂದು ದೇಶದ ಒಟ್ಟು ಗುರಿಯಲ್ಲಿ ನೂರಕ್ಕೆ 15 ಪಾಲನ್ನು ಸಾಧ್ಯವಾದ ಮಟ್ಟಿಗೆ ಇಡತಕ್ಕದ್ದೆಂದು ಹೇಳಿದೆ.

6. ಗ್ರಾಮಸಭೆಯಲ್ಲಿ ಕೇಳುವದು

ಫಲಾನುಭವಿಗಳನ್ನು ಆರಿಸತಕ್ಕವರು ಯಾರು? ಮೆಂಬರನಲ್ಲ, ಅಧ್ಯಕ್ಷನಲ್ಲ, ಗುಮಾಸ್ತನಲ್ಲ. 1993ರ ಪಂಚಾಯತಿ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆಯೇ ಆರಿಸತಕ್ಕದ್ದು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಆ ಸಭೆಯ ಸದಸ್ಯರು. ಹೀಗಿರಲಾಗಿ ಅಲ್ಲಿ ಗೌಡನಿಗಿರುವ ಸ್ಥಾನವೇ ಕೂಲಿಯವಳಿಗೂ ಇದೆ. ವಾರ್ಡುಸಭೆ, ಗ್ರಾಮಸಭೆಗಳು ಆರು ತಿಂಗಳಿಗೆ ಒಂದು ಸಾರಿಯಾದರೂ ಕೂಡಬೇಕು.

ಆದರೆ ನಮ್ಮವರಲ್ಲಿ ಅನೇಕರು ಆ ದಿನ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಇಟ್ಟಿಗೆಯ ಗೂಡಿಗೋ ಹೋಗಿರುತ್ತಾರೆ. ಬಂದವರೂ ಹಿಂದೆ ಕೂತು ಸಹಿ ಮಾಡಿ ಎದ್ದುಬರುತ್ತಾರೆ. ಮನೆಮಾತು ತೆಲುಗಾಗಿರುವ ಕೆಲವರು ಕನ್ನಡದಲ್ಲಿ ಮಾತಾಡಲಿಕ್ಕೆ ನಾಚುತ್ತಾರೆ. ನಾಚಬೇಡಿರಿ, ಬಾಯಿಗೆ ಬಂದ ಮಾತಿನಲ್ಲಿ ಹೇಳಿರಿ, ಅರ್ಜಿಯನ್ನು ಮಾತ್ರ ಕನ್ನಡದಲ್ಲಿ ಬರೆಸಿಕೊಳ್ಳಿರಿ. ಅರ್ಜಿಯು ಹೀಗಿದ್ದರೆ ಸಾಕು:

“ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೆ. ಸ್ವಾಮೀ, ನಾನು ಇಂಥ ಗ್ರಾಮದ ನಿವಾಸಿ, ವಿಧವೆ. ನನಗೂ ನನ್ನ ಇಬ್ಬರು ಮಕ್ಕಳಿಗೂ ಈ ರಾಜ್ಯದಲ್ಲಿ ಎಲ್ಲಿಯೂ ಸ್ವಂತ ನಿವೇಶನವಾಗಲಿ ಮನೆಯಾಗಲಿ ಇಲ್ಲ. ಈಗ ಪರರ ತೋಟದ ಪಂಪುಮನೆಯಲ್ಲಿ ವಾಸವಾಗಿದ್ದೇನೆ. ಅದನ್ನು ಬರುವ ತಿಂಗಳು ಬಿಡಬೇಕಾಗಿದೆ. ಹಿಂದೆ ಯಾವ ವಸತಿ ಯೋಜನೆಯಿಂದಲೂ ಸಹಾಯ ಪಡೆದಿಲ್ಲ. ಆದಕಾರಣ ನಿವೇಶನರಹಿತರ ಮತ್ತು ವಸತಿರಹಿತರ ಪಟ್ಟಿಗಳಲ್ಲಿ ನನ್ನ ಹೆಸರನ್ನು ಸೇರಿಸಿ, ಮುಂದಿನ ಗ್ರಾಮಸಭೆಯ ಮುಂದೆ ಇಡಬೇಕೆಂದು ಬೇಡುತ್ತೇನೆ. ಕಾಗದಗಳ ನಕಲುಗಳನ್ನು ಲಗತ್ತಿಸಿದ್ದೇನೆ.”

ಇದರ ಎರಡು ಪ್ರತಿಗಳನ್ನು ಒಯ್ಯಿರಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡು ಮನೆಯಲ್ಲಿ ಜೋಪಾನವಾಗಿ ಇಡಿರಿ. ಈ ಒಂದು ತುಂಡು ಕಾಗದವೇ ಮುಂದೆ ನಿಮ್ಮ ಸಾಕ್ಷಿ. ಸಭೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕೆಂದು ಕೇಳಿರಿ. ನಿಮ್ಮ ಹೆಸರು ಓದಲ್ಪಡದಿದ್ದರೆ ಎದ್ದುನಿಂತು, ಸಭೆಯ ನಡವಳಿಯಲ್ಲಿ ನಿಮ್ಮ ಮಾತನ್ನು ಬರೆಯಿಸಿರಿ.

ಕೇಂದ್ರದ ಯೋಜನೆಗೆ ಸಮೀಕ್ಷೆಯೂ ಉಂಟು. 2024ರ ಆಗಸ್ಟ್ ತಿಂಗಳಲ್ಲಿ ಕೇಂದ್ರದ ಮಂತ್ರಿಮಂಡಲವು ಯೋಜನೆಯನ್ನು 2029ರ ಮಾರ್ಚ್ ವರೆಗೆ ಮುಂದುವರಿಸಿ, ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಅದಕ್ಕಾಗಿ ಆವಾಸ್ ಪ್ಲಸ್ ಎಂಬ ಹೊಸ ಸಮೀಕ್ಷೆ ನಡೆಯಿತು. ಮೋಟಾರ್ ಸೈಕಲ್ ಇದ್ದವನಿಗೆ ಮನೆ ಇಲ್ಲವೆಂದು ಊರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಮೊದಲು ಹಾಗೆ ಇದ್ದದ್ದು ನಿಜ. 2024ರಲ್ಲಿ ಆ ನಿಬಂಧನೆಯನ್ನು ಸಡಿಲಿಸಿ, ತಿಂಗಳ ಆದಾಯದ ಮಿತಿಯನ್ನು 10,000ದಿಂದ 15,000 ರೂಪಾಯಿಗೆ ಏರಿಸಿದರು. ಆದಕಾರಣ ಮೊದಲು ತಳ್ಳಲ್ಪಟ್ಟವರು ತಮ್ಮ ಹೆಸರು ಹೊಸ ಪಟ್ಟಿಯಲ್ಲಿ ಇದೆಯೋ ಎಂದು ಪಂಚಾಯತಿಯಲ್ಲಿ ವಿಚಾರಿಸಲಿ.

7. ಹಣ ಬರುವ ಕ್ರಮವೂ ಕಟ್ಟುವ ಬುದ್ಧಿಯೂ

ಮಂಜೂರಾದ ಮೇಲೆ ಹಣವೆಲ್ಲ ಒಂದೇ ಸಾರಿ ಬರುವದಿಲ್ಲ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂಬ ನಾಲ್ಕು ಹಂತಗಳುಂಟು. ಒಂದೊಂದು ಹಂತವು ಮುಗಿದ ಮೇಲೆ ಪಂಚಾಯತಿಯವರು ಬಂದು ಸ್ಥಳವು ಗುರುತಾಗುವ ಹಾಗೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸುವರು. ಆಮೇಲೆ ಆ ಹಂತದ ಕಂತು ಬರುವದು. ಅಂದರೆ ತಳಪಾಯಕ್ಕೆ ಬೇಕಾದ ಹಣವು ಮೊದಲು ಕೈಯಲ್ಲಿರಬೇಕು. ಮಂಜೂರಾತಿಯ ಕಾಗದ ಬಂದರೂ ಕಲ್ಲು ತರಿಸಲಿಕ್ಕೆ ಹಣವಿಲ್ಲದೆ ಅವಧಿ ಮೀರಿ ಮನೆಯನ್ನು ಕಳೆದುಕೊಳ್ಳುವವರು ಉಂಟು. ಬಡ್ಡಿಯವನ ಬಳಿಗೆ ಓಡುವದಕ್ಕೆ ಮುಂಚೆ ಸ್ವಸಹಾಯ ಸಂಘದಲ್ಲಿ ಕೇಳಿರಿ.

ಎರಡನೆಯ ಆಪತ್ತು ಆಸೆಯದು. ಕೇಂದ್ರದ ಯೋಜನೆಯಲ್ಲಿ ಮನೆಯು ಅಡಿಗೆಯ ಸ್ಥಳ ಸೇರಿ ಕಡಿಮೆಯೆಂದರೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇರಬೇಕು. ನೆರೆಯವನು ದೊಡ್ಡದಾಗಿ ಕಟ್ಟಿದನೆಂದು ತಾನೂ ಅದರ ಮೂರರಷ್ಟು ತಳಪಾಯ ತೋಡಿಸಿದವನು ಗೋಡೆ ಏರಿಸಲಾರದೆ ಸಾಲದಲ್ಲಿ ಬೀಳುತ್ತಾನೆ. ಮೊದಲು ಒಂದು ಕೋಣೆ, ಅಡಿಗೆಯ ಸ್ಥಳ, ಶೌಚಾಲಯ ಇವಿಷ್ಟನ್ನು ಗಟ್ಟಿಯಾಗಿ ಮುಗಿಸಿರಿ. ಮಗ್ಗುಲಲ್ಲಿ ಸ್ಥಳ ಬಿಟ್ಟಿರಿ. ಮಕ್ಕಳು ದುಡಿಯುವ ಕಾಲಕ್ಕೆ ಇನ್ನೊಂದು ಕೋಣೆ ಏಳುವದು. ನಮ್ಮ ಸೀಮೆಯ ಕಲ್ಲನ್ನು ಹೀನವಾಗಿ ನೋಡಬೇಡಿರಿ. ತಳಪಾಯಕ್ಕೂ ಗೋಡೆಗೂ ಅದಕ್ಕಿಂತ ಬಾಳುವ ವಸ್ತು ಹತ್ತಿರದಲ್ಲಿ ಸಿಕ್ಕುವದು ಅಪರೂಪ. ಹಕ್ಕುಪತ್ರದಲ್ಲಿ ಬರೆದಿರುವ ಅವಧಿಯ ವರೆಗೆ ಮನೆಯನ್ನಾಗಲಿ ನಿವೇಶನವನ್ನಾಗಲಿ ಮಾರಬಾರದೆಂಬದನ್ನೂ ನೆನಪಿನಲ್ಲಿಡಿರಿ.

8. ತಡವಾದರೆ, ಲಂಚ ಕೇಳಿದರೆ

ಅರ್ಜಿ ಕೊಡುವದಕ್ಕೆ ದಲ್ಲಾಳಿ ಬೇಕಾಗಿಲ್ಲ. ಮನೆ ಹಾಕಿಸಿಕೊಡುತ್ತೇನೆಂದು ಮುಂಗಡ ಕೇಳುವವನು ಮೆಂಬರನ ಹೆಸರು ಹೇಳಲಿ, ಸಾಹೇಬರ ಹೆಸರು ಹೇಳಲಿ, ಅವನಿಗೆ ಕೊಟ್ಟ ಹಣ ಹೋದಂತೆಯೇ. ಅಧಿಕಾರಿಯೇ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ನಿಮ್ಮ ಅರ್ಜಿ ಎಲ್ಲಿದೆ, ಪಟ್ಟಿ ಹೇಗೆ ಮಾಡಲ್ಪಟ್ಟಿತು, ಯಾರಿಗೆ ಮನೆ ಸಿಕ್ಕಿತು ಎಂಬದನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಬರವಣಿಗೆಯಲ್ಲಿ ಕೇಳಿರಿ. 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಅದರ ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಪಂಚಾಯತಿಯಲ್ಲಿ ಕೇಳದಿದ್ದರೆ ಮುಳಬಾಗಿಲಿನ ತಾಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೂ, ಅಲ್ಲಿಯೂ ಆಗದಿದ್ದರೆ ಕೋಲಾರದ ಜಿಲ್ಲಾ ಪಂಚಾಯತಿಗೂ ಬರೆಯಿರಿ. 1987ರ ಕಾಯಿದೆಯ ಪ್ರಕಾರ ಸ್ತ್ರೀಯರಿಗೂ ಬಡವರಿಗೂ ಕಾನೂನಿನ ನೆರವು ಧರ್ಮಾರ್ಥವಾಗಿ ಸಿಕ್ಕುವದು. ಅದಕ್ಕೆ ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ನ್ಯಾಯಾಧಿಪತಿಯ ಬಾಗಲಿಗೆ ಬೇಸರವಿಲ್ಲದೆ ಮತ್ತೆ ಮತ್ತೆ ಹೋದ ವಿಧವೆಯ ಸಾಮ್ಯವನ್ನು ನಾವು ಚಿಕ್ಕಂದಿನಿಂದ ಕೇಳಿದವರಷ್ಟೆ. ಅವಳು ಕೂಗಾಡಲಿಲ್ಲ, ಲಂಚ ಕೊಡಲಿಲ್ಲ. ಹೋಗುವದನ್ನು ಮಾತ್ರ ಬಿಡಲಿಲ್ಲ.

9. ಸರದಿ ಬರುವ ವರೆಗೆ

ನಮ್ಮ ವಿಧವೆಯು ಎರಡು ಅರ್ಜಿಗಳನ್ನು ಕೊಟ್ಟಳು, ಮೊಹರಿನ ಪ್ರತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು ಎಂದು ಎಣಿಸೋಣ. ಆದರೂ ಬರುವ ತಿಂಗಳು ಪಂಪುಮನೆ ಬಿಡಬೇಕು. ನಿವೇಶನಕ್ಕೆ ವರುಷಗಳು ಹಿಡಿದಾವು. ದೊಡ್ಡ ಪಟ್ಟಣಗಳಲ್ಲಿ ಮನೆಯಿಲ್ಲದವರಿಗೆ ರಾತ್ರಿಯ ಆಶ್ರಯಗಳುಂಟು. ನಮ್ಮ ಹಳ್ಳಿಗಳಲ್ಲಿ ಅಂಥದಿಲ್ಲ. ಹಾಗಾದರೆ ಅವಳು ಆ ರಾತ್ರಿ ಎಲ್ಲಿ ಮಲಗಬೇಕು?

ಈ ಪ್ರಶ್ನೆಯನ್ನು ಪಂಚಾಯತಿಗೆ ಹಾಕಿ ನಾವು ಕೈತೊಳೆದುಕೊಳ್ಳಲಾರೆವು. ಸಭೆಯಲ್ಲಿ ಯಾರಿಗಾದರೂ ಬರಿದಾದ ಒಂದು ಕೋಣೆ ಇದ್ದೀತು. ಓದುಬಲ್ಲ ಯೌವನಸ್ಥನೊಬ್ಬನು ಅರ್ಜಿ ಬರೆದುಕೊಡಬಹುದು. ಕೂಲಿ ಕಳಕೊಂಡು ನಾಡಕಚೇರಿಗೆ ನಾಲ್ಕು ಸಾರಿ ತಿರುಗಲಾರದ ಮುದುಕಿಯ ಜೊತೆಯಲ್ಲಿ ಹಿರಿಯರೊಬ್ಬರು ಹೋಗಬಹುದು. ತಳಪಾಯದ ದಿನ ಹತ್ತು ಮಂದಿ ಗುದ್ದಲಿ ಹಿಡಿದರೆ ಸಾವಿರಾರು ರೂಪಾಯಿ ಕೂಲಿ ಉಳಿಯುವದು. ಗ್ರಾಮಸಭೆಯ ದಿನ ಹೊರಗೆ ಕೆಲಸಕ್ಕೆ ಹೋದವರಿಗೆ ತಿಳಿಸಿ ಕರೆಯಿಸುವದೂ ದೊಡ್ಡ ಉಪಕಾರವೇ. ಸಹಾಯ ಮಾಡುವಾಗ ನಮ್ಮ ಸಭೆಯವರು, ಅನ್ಯರು ಎಂದು ಭೇದ ಮಾಡಬೇಡಿರಿ. ಪಕ್ಕದ ಗುಡಿಸಲಿನವಳು ಯಾವ ಗುಡಿಗೆ ಹೋದರೂ ಮಳೆ ಅವಳ ಮೇಲೆಯೂ ಹಾಗೆಯೇ ಬೀಳುತ್ತದೆ. ಮತ್ತು ಇಬ್ಬರು ಕೂಡಿ ಎದ್ದುನಿಂತಾಗ ಗ್ರಾಮಸಭೆಯು ಹೆಚ್ಚು ಚೆನ್ನಾಗಿ ಕೇಳುತ್ತದೆ.

ಕೂಡಿದಾಗ ಕೇಳತಕ್ಕ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಸ್ವಂತ ಮನೆಯಿಲ್ಲದ ಕುಟುಂಬಗಳು ಎಷ್ಟು? ಅವರಲ್ಲಿ ಎಷ್ಟು ಮಂದಿಯ ಅರ್ಜಿ ಕಚೇರಿಯಲ್ಲಿದೆ?
2. ಮಳೆಗೆ ಬಿದ್ದ ಮನೆಗೆ ಯಾರನ್ನು ಕೇಳಬೇಕು? ಮೊದಲಿನಿಂದ ಇಲ್ಲದ ಮನೆಗೆ ಯಾರನ್ನು ಕೇಳಬೇಕು?
3. ನೆಲವಿಲ್ಲದವರು ಎರಡು ಅರ್ಜಿಗಳನ್ನು ಯಾಕೆ ಕೊಡಬೇಕು?
4. ಹೆಚ್ಚು ಹಣ ಸಿಕ್ಕುವದೆಂದು ಜಾತಿಯ ಅಂಕಣದಲ್ಲಿ ಸುಳ್ಳು ಬರೆದರೆ ಯಾರಿಗೆ ನಷ್ಟ?
5. ಮುಂದಿನ ಗ್ರಾಮಸಭೆ ಯಾವಾಗ? ಯಾರು ಯಾರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವರು?

ಐದನೆಯ ಪ್ರಶ್ನೆಗೆ ಉತ್ತರವನ್ನು ಬಾಯಲ್ಲಿ ಹೇಳಿ ಬಿಡದೆ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಈ ಪಾಠವು ಓದಿ ಮುಗಿಸತಕ್ಕದ್ದಲ್ಲ, ನಡೆದು ಮುಗಿಸತಕ್ಕದ್ದು.